ಹಗೇವು, ನೆಲಮಾಳಿಗೆಗಳಿಗೆ ನೀರು ಸೇರದಂತೆ ಅಂಗಳವನ್ನು ಹದಗೊಳಿಸುವ ಕ್ರಮ

ಬೆಳೆದ ಧಾನ್ಯವನ್ನು ಕಾಪಾಡಿಕೊಳ್ಳುವುದು ಅದನ್ನು ಬೆಳೆಯುವುದಕ್ಕಿಂತ ಕಡಮೆಯಾದ ಕೆಲಸವಲ್ಲ. ಮೈದಾನ ಸೀಮೆಯ ಹಳ್ಳಿಗಳಲ್ಲಿ ಹಿಂದಿನವರು ರಾಗಿ ಜೋಳಗಳನ್ನು ಹಗೇವುಗಳಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಸಂದುಗಳನ್ನು ಮಣ್ಣು ಸಗಣಿಗಳಿಂದ ಮೆತ್ತಿ, ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಲೋಹದ ಕಣಜಗಳೂ ಗೋಣಿಚೀಲಗಳೂ ಬಂದಮೇಲೆ ಹಗೇವುಗಳ ಬಳಕೆಯು ಬಹಳ ಮಟ್ಟಿಗೆ ತಗ್ಗಿದೆ. ಆದರೂ ಹಳೆಯ ಮನೆಗಳ ಅಂಗಳಗಳಲ್ಲಿ ಅವು ಉಳಿದಿರುವುದುಂಟು. ಇಳಿಜಾರಾದ ನಿವೇಶನಗಳಲ್ಲಿ ಮನೆ ಕಟ್ಟುವವರು ಬಿತ್ತನೆಯ ಬೀಜ, ಗೊಬ್ಬರ, ಉಪಕರಣಗಳನ್ನು ಇಡುವುದಕ್ಕಾಗಿ ನೆಲಮಾಳಿಗೆಗಳನ್ನು ಮಾಡಿಕೊಳ್ಳುವುದೂ ಉಂಟು.

ಇವೆರಡಕ್ಕೂ ಶತ್ರುವು ಒಂದೇ, ಅದು ನೀರು. ಗೋಡೆ ಒದ್ದೆಯಾದ ಕೂಡಲೆ ಒಳಗಡೆ ಗಾರೆಯನ್ನೋ ಸಿಮೆಂಟನ್ನೋ ಬಳಿಸುವುದು ಸಾಮಾನ್ಯವಾದ ಪದ್ಧತಿ. ಒಂದೆರಡು ಮಳೆಗಾಲಗಳು ಕಳೆಯುವುದರೊಳಗೆ ಆ ಗಾರೆಯು ಉಬ್ಬಿ ಉದುರುತ್ತದೆ, ತೇವವು ಮೊದಲಿನಂತೆಯೇ ಕಾಣಿಸಿಕೊಳ್ಳುತ್ತದೆ, ಹಣವು ವ್ಯರ್ಥವಾಗುತ್ತದೆ. ನೀರು ಬರುವುದು ಹೊರಗಿನಿಂದಾದಕಾರಣ ಅದನ್ನು ಹೊರಗೇ ತಡೆಯಬೇಕು. ಬಹುಮಟ್ಟಿಗೆ ಈ ನೀರು ಮನೆಯ ಸೂರಿನಿಂದಲೂ ಅಂಗಳದಿಂದಲೂ ಬಂದದ್ದೇ ಆಗಿರುತ್ತದೆ. ಅಂಗಳದ ಮಟ್ಟವನ್ನು ಸರಿಪಡಿಸಿ ನೀರಿಗೆ ದಾರಿಮಾಡಿ ಕೊಟ್ಟರೆ ಅನೇಕ ಸಂದರ್ಭಗಳಲ್ಲಿ ಒಳಗೋಡೆಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಆ ಕ್ರಮವನ್ನು ಇಲ್ಲಿ ವಿವರಿಸಿದೆ.

ತೇವದಿಂದಾಗುವ ನಷ್ಟ

ರಾಗಿ, ಜೋಳ ಮೊದಲಾದ ಧಾನ್ಯಗಳು ಬಹುಕಾಲ ಕೆಡದೆ ಇರಬೇಕಾದರೆ ಅವುಗಳಲ್ಲಿನ ತೇವಾಂಶವು ನೂರಕ್ಕೆ 12ರ ಆಸುಪಾಸಿನಲ್ಲಿರಬೇಕು. ಇದಕ್ಕಿಂತ ಹೆಚ್ಚಿದಷ್ಟೂ ಕಾಳು ಬಿಸಿಯೇರಿ ಬೂಷ್ಟು ಹಿಡಿಯುವುದೂ ಹುಳು ಬೀಳುವುದೂ ಹೆಚ್ಚುತ್ತವೆ. ಬೀಜದ ಕಾಳಾದರೆ ಮೊಳೆಯುವ ಶಕ್ತಿಯು ಕುಂದುತ್ತದೆ. ಮುಸುಕಿನ ಜೋಳ, ನೆಲಗಡಲೆ ಮುಂತಾದವುಗಳಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಬೂಷ್ಟನ್ನು ಕೊಡವಿ ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಈ ವಿಷವು ಪೂರ್ತಿಯಾಗಿ ನಾಶವಾಗುವುದಿಲ್ಲ. ಅಂಥ ಕಾಳನ್ನು ಮನುಷ್ಯರಿಗೂ ದನಗಳಿಗೂ ಕೊಡಕೂಡದು.

ಪ್ರಾಣಾಪಾಯದ ವಿಷಯದಲ್ಲಿ ಎಚ್ಚರಿಕೆ

ಹಗೇವಿನಲ್ಲಿ ನೀರು ಸೇರಿದೆಯೇ ಎಂದು ನೋಡುವುದಕ್ಕಾಗಿ ಯಾರೂ ಒಡನೆಯೇ ಅದರೊಳಕ್ಕೆ ಇಳಿಯಕೂಡದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತ ಪ್ರಾಣವಾಯುವನ್ನು ಹೀರಿಕೊಂಡು ಇಂಗಾಲಾಮ್ಲ ವಾಯುವನ್ನು ಬಿಡುತ್ತದೆ. ಕಾಳು ಒದ್ದೆಯಾಗಿದ್ದರಂತೂ ಈ ಕ್ರಿಯೆಯು ಬಹು ಶೀಘ್ರವಾಗಿ ನಡೆಯುತ್ತದೆ. ಈ ವಾಯುವು ಸಾಧಾರಣ ಗಾಳಿಗಿಂತ ಭಾರವಾದುದರಿಂದ ಬಾಯಿ ತೆರೆದ ಮೇಲೆಯೂ ತಳದಲ್ಲಿಯೇ ನಿಂತಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವರೂ ಅದೇ ಗತಿಯನ್ನು ಹೊಂದುತ್ತಾರೆ.

ಆದಕಾರಣ ಹಗೇವಿನ ಬಾಯನ್ನು ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಬಳಿಕ ಉರಿಯುವ ದೀಪವನ್ನು ಹಗ್ಗದಿಂದ ತಳದವರೆಗೆ ಇಳಿಯಬಿಡುವುದು ಹಿಂದಿನಿಂದ ಬಂದ ಪರೀಕ್ಷೆ. ದೀಪವು ಮಂಕಾದರೆ ಅಥವಾ ಆರಿದರೆ ಯಾವ ಕಾರಣಕ್ಕೂ ಇಳಿಯಕೂಡದು. ದೀಪ ಉರಿದ ಮಾತ್ರಕ್ಕೆ ಅಪಾಯವು ಪೂರ್ತಿ ತಪ್ಪಿತೆಂದೂ ಭಾವಿಸಬಾರದು. ಗಾಳಿಯನ್ನು ಅಳೆಯುವ ಯಂತ್ರವಿಲ್ಲದಿರುವಲ್ಲಿ ಒಳಕ್ಕಿಳಿಯದೆ ಮೇಲಿನಿಂದಲೇ ಉದ್ದವಾದ ಕೋಲು, ಹಗ್ಗ, ಕನ್ನಡಿಯ ಬೆಳಕುಗಳಿಂದ ಪರೀಕ್ಷಿಸುವುದು ಉತ್ತಮ. ಯಾರಾದರೂ ಒಳಗೆ ಬಿದ್ದಿದ್ದರೆ ಮತ್ತೊಬ್ಬರನ್ನು ಇಳಿಸದೆ 112 ಅಥವಾ 101 ಸಂಖ್ಯೆಗೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಬರಮಾಡಿಕೊಳ್ಳತಕ್ಕದ್ದು. ಈ ಒಂದು ವಿಷಯವನ್ನು ಗ್ರಾಮದ ಹಿರಿಯರು ಊರಿನವರೆಲ್ಲರಿಗೂ ತಿಳಿಯಹೇಳಬೇಕು.

ನೀರು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯುವುದು

ಕೆಲಸಕ್ಕೆ ಕೈಹಾಕುವ ಮೊದಲು ನೀರಿನ ಮೂಲವನ್ನು ಗೊತ್ತುಮಾಡಿಕೊಳ್ಳಬೇಕು. ತೇವವು ಯಾವ ಕಾಲದಲ್ಲಿ ಕಾಣಿಸುತ್ತದೆಂಬುದನ್ನು ಗಮನಿಸಿದರೆ ಇದು ತಿಳಿಯುತ್ತದೆ.

ಜೋರಾದ ಮಳೆ ಬಂದ ಕೆಲವು ಗಂಟೆಗಳೊಳಗೆ ಗೋಡೆ ಒಸರಿ, ಮಳೆ ನಿಂತ ಒಂದೆರಡು ದಿನಗಳಲ್ಲಿ ಒಸರು ಕಡಮೆಯಾದರೆ ಅದು ಸೂರಿನ ಮತ್ತು ಅಂಗಳದ ನೀರು. ಮಳೆಗಾಲವು ಬಲಿತಮೇಲೆ ನೆಲದಿಂದ ನೀರು ಉಕ್ಕಿ ವಾರಗಟ್ಟಲೆ ನಿಂತರೆ ಅದು ಅಂತರ್ಜಲ. ಮಳೆಯಿರಲಿ ಇಲ್ಲದಿರಲಿ ವರ್ಷವೆಲ್ಲ ಒಂದೇ ಕಡೆ ತೇವವಿದ್ದರೆ ಹತ್ತಿರದ ಬಚ್ಚಲು, ದನಗಳ ನೀರಿನ ತೊಟ್ಟಿ, ನಲ್ಲಿಯ ಕೊಳವೆ, ಇಂಗುಗುಂಡಿ ಇವುಗಳನ್ನು ಶೋಧಿಸಬೇಕು. ಕೊನೆಯದಾಗಿ, ಹೊರಗಿನ ಬೆಚ್ಚನೆಯ ತೇವದ ಗಾಳಿಯು ತಣ್ಣನೆಯ ಗೋಡೆಗೆ ತಾಗಿ ಬೆವರಿನಂತೆ ಹನಿಗಟ್ಟುವುದೂ ಉಂಟು.

ಒಸರನ್ನೂ ಬೆವರನ್ನೂ ಬೇರ್ಪಡಿಸಿ ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ನೆಲಮಾಳಿಗೆಯ ಗೋಡೆಯ ಒಂದು ಭಾಗವನ್ನು ಚೆನ್ನಾಗಿ ಒರಸಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಅಂಟಿಸಿ ನಾಲ್ಕು ಅಂಚುಗಳನ್ನೂ ಭದ್ರಪಡಿಸಬೇಕು. ಎರಡು ದಿನಗಳ ಮೇಲೆ ನೋಡಿದಾಗ ಹಾಳೆಗೂ ಗೋಡೆಗೂ ನಡುವೆ ನೀರಿದ್ದರೆ ಅದು ಗೋಡೆಯ ಮೂಲಕ ಬಂದ ಒಸರು. ಹಾಳೆಯ ಹೊರಮೈಯಲ್ಲಿ ಹನಿಗಳಿದ್ದರೆ ಅದು ಗಾಳಿಯಿಂದಾದ ಬೆವರು. ಬೆವರಿಗೆ ಚರಂಡಿಯಿಂದ ಪರಿಹಾರವಿಲ್ಲ. ಮಳೆಗಾಲದ ತೇವದ ಗಾಳಿಯನ್ನು ಒಳಕ್ಕೆ ಬಿಡದೆ, ಒಣಹವೆಯಿರುವಾಗ ಮಾತ್ರ ಬಾಗಿಲು ಕಿಟಕಿಗಳನ್ನು ತೆರೆಯುವುದೇ ಅದಕ್ಕೆ ಉಪಾಯ.

ಅಂತರ್ಜಲದ ವಿಷಯದಲ್ಲಿ ಸಮೀಪದ ಸೇದುವ ಬಾವಿಯು ಸಾಕ್ಷಿಯಾಗುತ್ತದೆ. ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ ಬಾವಿಯ ನೀರು ಅಂಗಳದ ಮಟ್ಟದಿಂದ ಎಷ್ಟು ಅಡಿ ಕೆಳಗಿದೆಯೆಂದು ಹಗ್ಗದಿಂದ ಅಳೆಯಬೇಕು. ಆ ನೀರು ಹಗೇವಿನ ತಳಕ್ಕಿಂತ ಮೇಲಕ್ಕೆ ಬರುತ್ತಿದ್ದರೆ ಅಂಗಳವನ್ನು ಎಷ್ಟು ತಿದ್ದಿದರೂ ಹಗೇವು ಒಣಗುವುದಿಲ್ಲ. ಅಂಥ ಹಗೇವನ್ನು ಬಿಟ್ಟು ನೆಲದ ಮೇಲಿನ ಕಣಜವನ್ನು ಆಶ್ರಯಿಸುವುದೇ ಲಾಭಕರ.

ಸೂರಿನ ನೀರಿನ ಲೆಕ್ಕ

ಮನೆಯ ಮಾಡಿನಿಂದ ಬೀಳುವ ನೀರು ಎಷ್ಟೆಂಬುದನ್ನು ಅನೇಕರು ಲೆಕ್ಕ ಹಾಕಿರುವುದಿಲ್ಲ. 40 ಅಡಿ ಉದ್ದ, 25 ಅಡಿ ಅಗಲವಾದ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರು ನೀರು ಇಳಿಯುತ್ತದೆ; 15 ಲೀಟರಿನ ಬಿಂದಿಗೆಗಳಲ್ಲಿ ಇದು 157 ಬಿಂದಿಗೆಗಳಾಗುತ್ತದೆ. ಮಾಡು ಎರಡು ಕಡೆಗೆ ಇಳಿಜಾರಾಗಿದ್ದರೆ ಇದರಲ್ಲಿ ಅರ್ಧ, ಎಂದರೆ ಸುಮಾರು 78 ಬಿಂದಿಗೆಗಳು, ಒಂದೇ ಗೋಡೆಯ ಬುಡದಲ್ಲಿ ಬೀಳುತ್ತದೆ. ಯಾವ ಗೃಹಸ್ಥನೂ ತನ್ನ ಗೋಡೆಯ ಬುಡಕ್ಕೆ ಇಷ್ಟು ಬಿಂದಿಗೆ ನೀರನ್ನು ಬೇಕೆಂದು ಸುರಿಯಲಾರನು. ಆದರೆ ಸೂರಿಗೆ ದೋಣಿಯಿಲ್ಲದ ಮನೆಯಲ್ಲಿ ಪ್ರತಿಯೊಂದು ದೊಡ್ಡ ಮಳೆಯಲ್ಲೂ ಇದೇ ನಡೆಯುತ್ತಿರುತ್ತದೆ.

ಆದಕಾರಣ ಮೊದಲನೆಯ ಕೆಲಸವು ಸೂರಿಗೆ ತಗಡಿನ ಅಥವಾ ಪ್ಲಾಸ್ಟಿಕ್ಕಿನ ದೋಣಿಯನ್ನು ಕಟ್ಟಿ, ಇಳಿಗೊಳವೆಯ ಮೂಲಕ ನೀರನ್ನು ಗೋಡೆಯಿಂದ ಕನಿಷ್ಠ 10 ಅಡಿ ದೂರಕ್ಕೆ ಒಯ್ಯುವುದು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೇಲ್ಮಾಳಿಗೆಯಿಂದ ನೀರು ಧುಮುಕುವ ಜಾಗಕ್ಕೆ ಚಪ್ಪಡಿಯನ್ನು ಹಾಸಿ, ಅಲ್ಲಿಂದ ಕಲ್ಲಿನ ಮೋರಿಯನ್ನು ಮಾಡಬೇಕು. ಈ ನೀರನ್ನು ತೊಟ್ಟಿಗೆ ಹಿಡಿದಿಟ್ಟುಕೊಂಡರೆ ಮತ್ತೊಂದು ಪ್ರಯೋಜನವೂ ಉಂಟು. ಆದರೆ ತೊಟ್ಟಿ ತುಂಬಿ ಹರಿಯುವ ನೀರು ಪುನಃ ಗೋಡೆಯ ಕಡೆಗೆ ಬಾರದಂತೆ ನೋಡಿಕೊಳ್ಳಬೇಕು. ದೋಣಿಯಲ್ಲಿ ಸೇರುವ ತರಗೆಲೆಗಳನ್ನು ವರ್ಷಕ್ಕೆ ಎರಡು ಸಲವಾದರೂ ತೆಗೆಯತಕ್ಕದ್ದು.

ಅಂಗಳಕ್ಕೆ ಇಳಿಜಾರನ್ನು ಕೊಡುವುದು

ಹೊಸದಾಗಿ ಮನೆ ಕಟ್ಟಿದಾಗ ತಳಪಾಯಕ್ಕಾಗಿ ಅಗೆದ ಜಾಗವನ್ನು ಸಡಿಲವಾದ ಮಣ್ಣಿನಿಂದ ತುಂಬಿರುತ್ತಾರೆ. ಕೆಲವು ವರ್ಷಗಳಲ್ಲಿ ಆ ಮಣ್ಣು ಕುಸಿದು ಗೋಡೆಯುದ್ದಕ್ಕೂ ತಗ್ಗಾಗುತ್ತದೆ. ಕಣ್ಣಿಗೆ ಸಮವಾಗಿ ಕಾಣುವ ಅಂಗಳವೂ ಮನೆಯ ಕಡೆಗೇ ವಾಲಿರುವುದುಂಟು. ಇದನ್ನು ಕಣ್ಣಳತೆಯಿಂದ ನಿರ್ಣಯಿಸದೆ ಅಳೆದು ನೋಡಬೇಕು.

ಗೋಡೆಯ ಬುಡದಲ್ಲಿ ಒಂದು ಗೂಟವನ್ನೂ ಅಲ್ಲಿಂದ 10 ಅಡಿ ದೂರದಲ್ಲಿ ಮತ್ತೊಂದನ್ನೂ ಹೊಡೆದು, ಎರಡಕ್ಕೂ ದಾರವನ್ನು ಬಿಗಿದು, ರಸಮಟ್ಟದಿಂದಾಗಲಿ ನೀರು ತುಂಬಿದ ಪಾರದರ್ಶಕ ಕೊಳವೆಯಿಂದಾಗಲಿ ದಾರವನ್ನು ಸಮಮಟ್ಟಕ್ಕೆ ತರಬೇಕು. ಬಳಿಕ ಎರಡೂ ಕಡೆಗಳಲ್ಲಿ ದಾರದಿಂದ ನೆಲದವರೆಗೆ ಅಳೆಯಬೇಕು. ಹೊರಗಡೆಯ ಅಳತೆಯು ಗೋಡೆಯ ಬಳಿಯ ಅಳತೆಗಿಂತ 6 ಅಂಗುಲ ಹೆಚ್ಚಾಗಿದ್ದರೆ ಇಳಿಜಾರು ತಕ್ಕಷ್ಟಿದೆ. ಅಳತೆಗಳೆರಡೂ ಒಂದೇ ಆಗಿದ್ದರೆ ಅಥವಾ ಹೊರಗಡೆಯದು ಕಡಮೆಯಾಗಿದ್ದರೆ ದೋಷವು ಅಲ್ಲಿಯೇ ಇದೆ. ಹಗೇವಿನ ಬಾಯಿಯ ಸುತ್ತಲೂ ಇದೇ ರೀತಿ ನಾಲ್ಕು ದಿಕ್ಕುಗಳಲ್ಲಿ ಅಳೆಯತಕ್ಕದ್ದು.

ಅಂಗಳವು ಸಮತಟ್ಟಾಗಿದೆಯೆಂದು ಇಟ್ಟುಕೊಂಡರೆ, 40 ಅಡಿ ಉದ್ದದ ಗೋಡೆಗೆ ಹೊಂದಿಕೊಂಡು 10 ಅಡಿ ಅಗಲದಲ್ಲಿ 6 ಅಂಗುಲದ ಇಳಿಜಾರನ್ನು ಮಾಡಲು 100 ಘನ ಅಡಿ, ಎಂದರೆ ಒಂದು ಬ್ರಾಸ್ ಮಣ್ಣು ಬೇಕು. ಬಡಿದಾಗ ಮಣ್ಣು ಕುಗ್ಗುವುದರಿಂದ ಕಾಲುಪಾಲು ಹೆಚ್ಚಾಗಿ ತರಿಸಿಕೊಳ್ಳಬೇಕು. ಊರಿನ ಮಣ್ಣನ್ನೂ ಮನೆಯವರ ದುಡಿಮೆಯನ್ನೂ ಉಪಯೋಗಿಸಿದರೆ ಈ ಕೆಲಸಕ್ಕೆ ಹೆಚ್ಚು ಹಣದ ಖರ್ಚಿಲ್ಲ.

ಮಣ್ಣನ್ನು ಆರಿಸುವುದರಲ್ಲಿ ಜಾಗರೂಕತೆ ಬೇಕು. ಮರಳನ್ನಾಗಲಿ ಜಲ್ಲಿಯನ್ನಾಗಲಿ ಗೋಡೆಯ ಪಕ್ಕದಲ್ಲಿ ತುಂಬಿದರೆ ನೀರು ಅದರ ಮೂಲಕ ನೇರವಾಗಿ ತಳಪಾಯಕ್ಕೆ ಇಳಿಯುತ್ತದೆ. ಎರೆಮಣ್ಣು ಬೇಸಗೆಯಲ್ಲಿ ಬಿರುಕುಬಿಟ್ಟು ಮೊದಲ ಮಳೆಯ ನೀರೆಲ್ಲವನ್ನೂ ಆ ಬಿರುಕುಗಳ ಮೂಲಕ ಒಳಕ್ಕೆ ಬಿಡುತ್ತದೆ. ಸ್ವಲ್ಪ ಜೇಡಿ ಬೆರೆತ ಕೆಮ್ಮಣ್ಣು ಅಥವಾ ಗರಸು ಬೆರೆತ ಜೇಡಿಯು ಉತ್ತಮ. ಇದನ್ನು ನಾಲ್ಕೈದು ಅಂಗುಲಗಳ ಪದರಗಳಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ದಿಮ್ಮಸಿನಿಂದ ಚೆನ್ನಾಗಿ ಬಡಿಯಬೇಕು. ಒಮ್ಮೆಗೇ ಸುರಿದು ಮೇಲೆ ಮಾತ್ರ ಬಡಿದರೆ ಮುಂದಿನ ಮಳೆಗಾಲದಲ್ಲಿಯೇ ಕುಸಿಯುತ್ತದೆ. ಮೇಲ್ಭಾಗದಲ್ಲಿ ಗರಿಕೆಯನ್ನು ನೆಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಗೋಡೆಗೆ ಹತ್ತಿದಂತೆ ಎರಡೂವರೆ ಮೂರು ಅಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಕಲ್ಲುಹಾಸನ್ನು ಮಾಡಿ, ಗೋಡೆಯೊಡನೆ ಸೇರುವ ಸಂದನ್ನು ಬಿಗಿಯಾಗಿ ಮುಚ್ಚುವುದು ಇನ್ನೂ ಮೇಲು. ನಿತ್ಯವೂ ನೀರು ಹಾಯಿಸಬೇಕಾದ ಬಾಳೆ, ಹೂವಿನ ಗಿಡಗಳನ್ನು ಗೋಡೆಯ ಬುಡದಲ್ಲಿ ಬೆಳೆಸಕೂಡದು.

ಇಲ್ಲೊಂದು ಮಿತಿಯುಂಟು. ಮಣ್ಣನ್ನು ಗೋಡೆಯ ಮೇಲಕ್ಕೆ ಏರಿಸುತ್ತ ಹೋಗಬಾರದು. ತಳಪಾಯದ ಕಲ್ಲುಕಟ್ಟು ಕನಿಷ್ಠ 6 ಅಂಗುಲವಾದರೂ ನೆಲದ ಮೇಲೆ ಕಾಣುತ್ತಿರಬೇಕು. ಮಣ್ಣಿನ ಗೋಡೆಗೆ ಅಥವಾ ಮರದ ಹೊಸ್ತಿಲಿಗೆ ಮಣ್ಣು ತಾಗಿದರೆ ತೇವವೂ ಗೆದ್ದಲೂ ಏರುತ್ತವೆ. ಮನೆಯು ತಗ್ಗಿನಲ್ಲಿದ್ದು ಏರಿಸಲು ಅವಕಾಶವಿಲ್ಲದಿದ್ದರೆ ಅಂಗಳದ ಹೊರಭಾಗವನ್ನು ಕೆತ್ತಿ ತಗ್ಗಿಸಬೇಕು.

ಹಗೇವಿನ ಬಾಯಿಗಾದರೋ ಕಲ್ಲಿನ ಉಂಗುರವನ್ನು ಕಟ್ಟಿ ಸುತ್ತಲಿನ ನೆಲಕ್ಕಿಂತ ಒಂದು ಅಡಿಯಷ್ಟು ಎತ್ತರಿಸಿ, ಅದರ ಸುತ್ತಲೂ ಆಮೆಯ ಬೆನ್ನಿನಂತೆ ಎಲ್ಲಾ ಕಡೆಗೂ ಇಳಿಯುವ ದಿಬ್ಬವನ್ನು ಮಾಡಬೇಕು.

ಮೇಲಿನ ಪ್ರದೇಶದ ನೀರಿಗೆ ತಡೆಗಾಲುವೆ

ಮನೆಯು ಇಳಿಜಾರಿನಲ್ಲಿದ್ದರೆ ಮೇಲಿನ ಹೊಲ, ಬೀದಿ, ನೆರೆಮನೆಗಳ ನೀರು ಅಂಗಳಕ್ಕೆ ನುಗ್ಗುತ್ತದೆ. ಇದನ್ನು ಮನೆಗೆ ಬರುವ ಮೊದಲೇ ಅಡ್ಡಗಟ್ಟಿ ಪಕ್ಕಕ್ಕೆ ತಿರುಗಿಸಬೇಕು. ಹೊಲಗಳಲ್ಲಿ ಬದುಗಳನ್ನು ಹಾಕುವವರಿಗೆ ಇದು ಹೊಸ ವಿಷಯವಲ್ಲ. ಗೋಡೆಯಿಂದ 10 ಅಡಿಗಿಂತ ಕಡಮೆಯಿಲ್ಲದ ದೂರದಲ್ಲಿ, ಅಗಲವಾಗಿಯೂ ಆಳ ಕಡಮೆಯಾಗಿಯೂ ಇರುವ ತಡೆಗಾಲುವೆಯನ್ನು ತೋಡಿ, ಅಗೆದ ಮಣ್ಣನ್ನು ಮನೆಯ ಕಡೆಗೆ ಬದುವಾಗಿ ಹಾಕಬೇಕು. ಕಾಲುವೆಗೆ 100 ಅಡಿಗೆ 1 ಅಡಿಯಿಂದ 2 ಅಡಿಯವರೆಗೆ ಇಳಿಜಾರು ಸಾಕು. ಇದಕ್ಕಿಂತ ಕಡಮೆಯಾದರೆ ನೀರು ನಿಂತು ಸೊಳ್ಳೆಗಳಿಗೆ ಆಶ್ರಯವಾಗುತ್ತದೆ. ಬಹಳ ಹೆಚ್ಚಾದರೆ ಮಣ್ಣು ಕೊರೆಯುತ್ತದೆ. ಕಾಲುವೆಯೊಳಗೆ ಹುಲ್ಲನ್ನು ಬೆಳೆಸುವುದು ಒಳ್ಳೆಯದು.

ಜಲ್ಲಿ ತುಂಬಿದ ಒಳಚರಂಡಿ

ಮೇಲೆ ಹೇಳಿದ ಕೆಲಸಗಳನ್ನು ಮಾಡಿ ಒಂದು ಮಳೆಗಾಲವನ್ನು ನೋಡಿದ ಮೇಲೂ ನೆಲದೊಳಗಿನಿಂದ ಒಸರು ಬರುತ್ತಿದ್ದರೆ ಮಾತ್ರ ಒಳಚರಂಡಿಯ ಯೋಚನೆಯನ್ನು ಮಾಡಬೇಕು. ಇದು ಜವುಗು ಹೊಲಗಳನ್ನು ಒಣಗಿಸಲು ರೈತರೇ ಬಳಸುತ್ತಿದ್ದ ಉಪಾಯ. ಅಮೆರಿಕಾ ದೇಶದ ಹೆನ್ರಿ ಫ್ರೆಂಚ್ ಎಂಬವರು 1859ರಲ್ಲಿ ಹೊಲಗಳ ಚರಂಡಿಯ ವಿಷಯವಾಗಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದರಿಂದ ಇಂಥ ಚರಂಡಿಗೆ ಅವರ ಹೆಸರೇ ನಿಂತಿದೆ.

ನೀರು ಬರುವ ಕಡೆಯಲ್ಲಿ ಒಂದೂವರೆ ಅಡಿ ಅಗಲದ ಕಂದಕವನ್ನು ತೋಡಿ, ತಳಕ್ಕೆ 100 ಅಡಿಗೆ 1 ಅಡಿಯಂತೆ ಇಳಿಜಾರನ್ನು ಕೊಟ್ಟು, ಜಾಲರಿಯಂತೆ ನೀರನ್ನು ಮಾತ್ರ ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಬೇಕು. ಅದರ ಮೇಲೆ ಎರಡು ಮೂರು ಅಂಗುಲ ತೊಳೆದ ಜಲ್ಲಿಯನ್ನು ಹರಡಿ, ತೂತುಗಳಿರುವ ಕೊಳವೆಯನ್ನು ತೂತುಗಳು ಕೆಳಮುಖವಾಗಿರುವಂತೆ ಇಟ್ಟು, ಪುನಃ ಜಲ್ಲಿ ತುಂಬಿ ಬಟ್ಟೆಯನ್ನು ಮಡಿಸಬೇಕು. ಮೇಲಿನ 6 ಅಂಗುಲಗಳನ್ನು ಜೇಡಿಮಣ್ಣಿನಿಂದ ಮುಚ್ಚಿ ಬಡಿಯತಕ್ಕದ್ದು. ಇಲ್ಲದಿದ್ದರೆ ಮೇಲಿನ ನೀರೂ ಅದರೊಳಕ್ಕೆ ಇಳಿಯುತ್ತದೆ. ಕೊಳವೆಯ ಬಾಯಿಯು ತಗ್ಗಾದ ಬಯಲಿನಲ್ಲಿ ಹೊರಕ್ಕೆ ಬರಬೇಕು, ಅದಕ್ಕೆ ಇಲಿ ಹೆಗ್ಗಣಗಳು ನುಗ್ಗದಂತೆ ತಂತಿಬಲೆಯನ್ನು ಹಾಕಬೇಕು.

ಈ ಕಂದಕವನ್ನು ತಳಪಾಯಕ್ಕಿಂತ ಕೆಳಕ್ಕೆ ಗೋಡೆಯ ಪಕ್ಕದಲ್ಲಿಯೇ ಅಗೆದರೆ ಮನೆಯೇ ಕುಸಿಯಬಹುದು. ನಾಲ್ಕು ಅಡಿಗಿಂತ ಆಳವಾದ ಕಂದಕದ ಬದಿಗಳು ಕೆಲಸಗಾರರ ಮೇಲೆ ಜರಿದು ಬೀಳುವ ಅಪಾಯವೂ ಉಂಟು. ಆದ್ದರಿಂದ ಆಳವಾದ ಕೆಲಸಕ್ಕೆ ತಿಳಿದ ಇಂಜಿನಿಯರರ ಸಲಹೆಯನ್ನು ಪಡೆದು, ಬದಿಗಳಿಗೆ ಹಲಗೆಯ ಆಸರೆ ಕೊಟ್ಟು ಮುಂದುವರಿಯಬೇಕು.

ಭೂಮಿಯ ಗುಣದಿಂದಾಗುವ ವ್ಯತ್ಯಾಸ

ಗಟ್ಟಿಯಾದ ಗರಸು ನೆಲದಲ್ಲಿ ಮೇಲಿನ ಕ್ರಮಗಳು ಶೀಘ್ರವಾಗಿ ಫಲ ಕೊಡುತ್ತವೆ. ಹಿಂದಿನವರು ಹಗೇವಿಗೆ ಇಂಥ ನೆಲವನ್ನೇ ಆರಿಸುತ್ತಿದ್ದರು. ಎರೆಭೂಮಿಯಲ್ಲಿ ಮಣ್ಣು ಉಬ್ಬಿ ಕುಗ್ಗುವುದರಿಂದ ಕಲ್ಲುಹಾಸುಗಳು ಬಿರಿಯುತ್ತವೆ. ಅಲ್ಲಿ ಪ್ರತಿ ಬೇಸಗೆಯ ಕೊನೆಯಲ್ಲಿ ಗೋಡೆಯ ಬುಡದ ಬಿರುಕುಗಳನ್ನು ತುಂಬುವುದು ಅವಶ್ಯಕ. ಮಲೆನಾಡು, ಕರಾವಳಿಗಳಲ್ಲಿ ಮಳೆಯು ಹೆಚ್ಚು, ನೀರಿನ ಮಟ್ಟವು ಮೇಲೆ. ಅಲ್ಲಿಯವರು ನೆಲದಡಿಯಲ್ಲಿ ಧಾನ್ಯವನ್ನು ಹೂಳದೆ ಕಣಜ, ಮುಡಿಗಳಲ್ಲಿ ಇಡುತ್ತ ಬಂದದ್ದು ವಿವೇಕವಾದ ಪದ್ಧತಿಯೇ ಸರಿ.

ಗ್ರಾಮದ ಮುಖಂಡರು ಗಮನಿಸಬೇಕಾದುದು

ಒಬ್ಬನ ಅಂಗಳದ ನೀರು ಮತ್ತೊಬ್ಬನ ತಳಪಾಯಕ್ಕೆ ಹೋಗುವಂತಾದರೆ ಅದು ಪರಿಹಾರವಲ್ಲ, ಜಗಳಕ್ಕೆ ಬೀಜ. ಬೀದಿಯ ಎರಡೂ ಸಾಲಿನವರು ಕೂಡಿ, ಮೇಲಿನ ಮನೆಯಿಂದ ಕೆಳಗಿನ ಹಳ್ಳದವರೆಗೆ ನೀರಿನ ದಾರಿಯನ್ನು ಒಟ್ಟಿಗೆ ಗೊತ್ತುಮಾಡುವುದು ಉಚಿತ. ಬಚ್ಚಲಿನ ಇಂಗುಗುಂಡಿಗಳನ್ನು ಗೋಡೆಗಳಿಂದ ದೂರದಲ್ಲಿಯೂ ಕುಡಿಯುವ ನೀರಿನ ಬಾವಿಗಳಿಂದ 50 ಅಡಿಗಿಂತ ಹೆಚ್ಚು ದೂರದಲ್ಲಿಯೂ ಇಡತಕ್ಕದ್ದು.

ಬೀದಿಗಳಿಗೆ ಕಾಂಕ್ರೀಟು ಹಾಕಿಸುವಾಗ ಹಳೆಯ ಹಾಸಿನ ಮೇಲೆಯೇ ಹೊಸ ಹಾಸನ್ನು ಹಾಕುವುದರಿಂದ ಬೀದಿಯ ಮಟ್ಟವು ಏರುತ್ತದೆ. ಎರಡು ಮೂರು ಸಲ ಹೀಗಾದರೆ ಹಿಂದೆ ಮೆಟ್ಟಿಲು ಹತ್ತಿ ಹೋಗಬೇಕಾಗಿದ್ದ ಮನೆಗಳು ಬೀದಿಗಿಂತ ತಗ್ಗಾಗಿ, ಊರಿನ ನೀರೆಲ್ಲವೂ ಅಂಗಳಗಳಿಗೆ ಇಳಿಯುತ್ತದೆ. ಇಂಥ ಸ್ಥಿತಿಯಲ್ಲಿ ಮನೆಯವನು ತಾನೊಬ್ಬನೇ ಏನು ಮಾಡಿದರೂ ಸಾಲದು. ಕೆಲಸವು ಪ್ರಾರಂಭವಾಗುವ ಮೊದಲೇ, ಹಳೆಯ ಹಾಸನ್ನು ಕಿತ್ತು ಹಾಕಬೇಕೆಂದೂ ಚರಂಡಿಯ ತಳವು ಅಂಗಳಗಳಿಗಿಂತ ಕೆಳಗಿರಬೇಕೆಂದೂ ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿಕೊಳ್ಳುವುದು ಮುಖಂಡರ ಕರ್ತವ್ಯ.

ಬಳಕೆ ತಪ್ಪಿದ ಹಗೇವುಗಳನ್ನು ಬಾಯಿಗೆ ಬರಿಯ ಹಲಗೆ ಮುಚ್ಚಿ ಬಿಡಕೂಡದು. ಅವುಗಳಲ್ಲಿ ನೀರು ಸೇರಿ ಸುತ್ತಲಿನ ನೆಲವು ಕುಸಿಯುತ್ತದೆ. ಮಕ್ಕಳೂ ದನಗಳೂ ಬೀಳುವ ಭಯವಿದೆ. ಅವನ್ನು ಪದರ ಪದರವಾಗಿ ಮಣ್ಣು ಬಡಿದು ತುಂಬಿಸತಕ್ಕದ್ದು. ಈ ಕೆಲಸವನ್ನೂ ಒಳಕ್ಕಿಳಿಯದೆ ಮೇಲಿನಿಂದಲೇ ಮಾಡಬೇಕು.

ಧಾನ್ಯವನ್ನು ತುಂಬುವ ಮುನ್ನ

ನೀರು ನಿಂತಿತೆಂದು ಕೂಡಲೆ ಧಾನ್ಯವನ್ನು ತುಂಬಬಾರದು. ನೆನೆದ ಗೋಡೆಯು ಒಣಗಲು ತಿಂಗಳುಗಳು ಬೇಕು. ಒಂದು ಮಳೆಗಾಲವು ಪೂರ್ತಿಯಾಗಿ ಕಳೆದು, ಚಳಿಗಾಲ ಬೇಸಗೆಗಳ ಒಣಗಾಳಿಯು ಒಳಗೆ ಆಡಿದ ಮೇಲೆ ಹೀಗೆ ಪರೀಕ್ಷಿಸಬಹುದು: ಚೆನ್ನಾಗಿ ಒಣಗಿದ ರಾಗಿಯನ್ನು ಸರಿಯಾಗಿ 10 ಕಿಲೋಗ್ರಾಂ ತೂಗಿ, ಗೋಣಿಚೀಲದಲ್ಲಿ ಕಟ್ಟಿ, ಇಲಿ ತಿನ್ನದಂತೆ ತಂತಿಬಲೆಯೊಳಗಿಟ್ಟು, ಹಗ್ಗದಿಂದ ಇಳಿಬಿಟ್ಟು ಒಂದು ತಿಂಗಳು ಮುಚ್ಚಿಡಬೇಕು. ಮೇಲಕ್ಕೆ ತೆಗೆದು ಕಾಳನ್ನು ಮಾತ್ರ ತೂಗಿದಾಗ ಸುಮಾರು 230 ಗ್ರಾಂ ಹೆಚ್ಚಿದ್ದರೆ, ಅದರ ತೇವಾಂಶವು ನೂರಕ್ಕೆ 12ರಿಂದ 14ಕ್ಕೆ ಏರಿತೆಂದು ತಿಳಿಯಬೇಕು. ಅಂಥ ಸ್ಥಳವು ಇನ್ನೂ ಧಾನ್ಯಕ್ಕೆ ಯೋಗ್ಯವಾಗಿಲ್ಲ. ತೂಕದಲ್ಲಿ ವ್ಯತ್ಯಾಸ ಕಾಣದಿದ್ದರೆ ಮಾತ್ರ ತುಂಬಬಹುದು. ಒಳಗೋಡೆಗೆ ಗಾರೆ ಮಾಡಿಸಬೇಕೆಂಬ ಇಚ್ಛೆಯಿದ್ದರೆ ಅದಕ್ಕೂ ಇದೇ ಸಮಯ.

ಕೆಲಸದ ಕಾಲ

ಶಿವರಾತ್ರಿಯ ನಂತರ ಸುಗ್ಗಿಯ ಕೆಲಸಗಳು ಮುಗಿದು ಆಳುಗಳಿಗೂ ಬಂಡಿಗಳಿಗೂ ಬಿಡುವಿರುವಾಗ ಅಂಗಳದ ಕೆಲಸವನ್ನು ಪ್ರಾರಂಭಿಸಿ, ಭರಣಿ ಮಳೆಗೆ ಮುಂಚೆ ಮುಗಿಸುವುದು ಅನುಕೂಲ. ಮೊದಲನೆಯ ದೊಡ್ಡ ಮಳೆ ಬಂದಾಗ ಯಜಮಾನನು ಕೊಡೆಯನ್ನು ಹಿಡಿದು ಮನೆಯ ಸುತ್ತಲೂ ಒಮ್ಮೆ ತಿರುಗಿ, ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ನಿಂತ ಜಾಗಗಳಿಗೆ ಗೂಟ ಹೊಡೆದಿಟ್ಟು, ಮಳೆ ಬಿಟ್ಟಮೇಲೆ ಅಲ್ಲಲ್ಲಿಗೆ ನಾಲ್ಕು ಬುಟ್ಟಿ ಮಣ್ಣನ್ನು ಹಾಕಿ ಬಡಿಯಬೇಕು. ಪ್ರತಿ ವರ್ಷವೂ ಇಷ್ಟು ಮಾಡುವವರು ಗಾರೆ ಕೆಲಸದವನನ್ನು ಪದೇ ಪದೇ ಕರೆಸಬೇಕಾಗುವುದಿಲ್ಲ.